ದಲ್ಲಾಳಿ ಇಲ್ಲ ಸರಿ, ಕ್ರೇಟು ಹೊರುವ ಕೂಲಿ ಯಾರ ತಲೆಗೆ?

ಮಾವಿನ ಕಾಲ ಬಂದರೆ ನಮ್ಮ ಶ್ರೀನಿವಾಸಪುರದ ರೈತರಿಗೆ ಒಂದೇ ಉಪದೇಶ: "ಮಂಡಿಗೆ ಯಾಕೆ ಹಾಕ್ತೀರಿ? ಮೇಳದಲ್ಲಿ ಸ್ಟಾಲ್ ಹಾಕಿ, ನೇರವಾಗಿ ಮಾರಿ, ದಲ್ಲಾಳಿ ಕಾಟ ಇರಲ್ಲ."

ಮಾತು ಸುಳ್ಳಲ್ಲ. ಬೆಂಗಳೂರಿನ ಲಾಲ್‌ಬಾಗ್ ಮಾವು ಮೇಳದಲ್ಲಿ ನಮ್ಮ ಬಾದಾಮಿ, ರಸಪುರಿ, ಮಲ್ಲಿಕಾಗೆ ಒಳ್ಳೆಯ ಗಿರಾಕಿಗಳಿದ್ದಾರೆ. ಆದರೆ ತೋಪಿನಿಂದ ಸ್ಟಾಲಿನವರೆಗೆ ಹಣ್ಣು ಹೊರುವ ಖರ್ಚಿನ ಬಗ್ಗೆ ಉಪದೇಶ ಮಾಡುವವರು ಬಾಯಿ ಬಿಡುವುದಿಲ್ಲ.

ಒಂದು ಲೆಕ್ಕ ಹಾಕೋಣ. ದರಗಳು ಬರೀ ಉದಾಹರಣೆಗೆ, ನಿಮ್ಮ ದರ ಹಾಕಿಕೊಂಡು ನೋಡಿ. 20 ಕೆ.ಜಿ.ಯ 40 ಕ್ರೇಟು, ಅಂದರೆ 800 ಕೆ.ಜಿ. ಟೆಂಪೋ ಬಾಡಿಗೆ 4,000 ರೂಪಾಯಿ. ತೋಪಿನಲ್ಲಿ ತುಂಬಲು, ಗೇಟಿನಲ್ಲಿ ಇಳಿಸಲು, ತಳ್ಳುಗಾಡಿಯಲ್ಲಿ ಸ್ಟಾಲಿಗೆ ಸಾಗಿಸಲು ಕ್ರೇಟಿಗೆ 40ರಂತೆ 1,600. ಉಳಿದ ಹಣ್ಣು, ಖಾಲಿ ಕ್ರೇಟು ವಾಪಸ್ ತರಲು 400. ಒಟ್ಟು 6,000.

"ಕೆ.ಜಿ.ಗೆ ಏಳೂವರೆ ತಾನೇ" ಅನ್ನುತ್ತೀರಿ. ತಪ್ಪು ಇಲ್ಲೇ ಇದೆ. ಮಾರಿದ್ದು 600 ಕೆ.ಜಿ. ಮಾತ್ರ ಆದರೆ ಖರ್ಚು ಕೆ.ಜಿ.ಗೆ 10 ರೂಪಾಯಿ. ಖರ್ಚನ್ನು ತುಂಬಿದ ತೂಕಕ್ಕಲ್ಲ, ಮಾರಿದ ತೂಕಕ್ಕೆ ಹಂಚಬೇಕು. ಸ್ಟಾಲಿನಲ್ಲಿ ನಿಂತ ಮನೆಯವರ ಕೂಲಿ, ಊಟ ಇನ್ನೂ ಸೇರಿಲ್ಲ.

"ವ್ಯಾಪಾರ ಅಂದಮೇಲೆ ಖರ್ಚು ಇದ್ದದ್ದೇ" ಅನ್ನುವವರಿಗೆ ನನ್ನ ಉತ್ತರ: ಖರ್ಚು ಇರಲಿ, ಮೊದಲೇ ಗೊತ್ತಿರಲಿ. ಗೇಟಿನ ಮುಂದೆ ಹಣ್ಣು ಬಿಸಿಲಿಗೆ ಬಾಡುತ್ತಿರುವಾಗ ರೈತ ಚೌಕಾಸಿ ಮಾಡಲಾರ. ಕೇಳಿದಷ್ಟು ಕೊಡುತ್ತಾನೆ. ಹಮಾಲರದ್ದೂ ತಪ್ಪಲ್ಲ, ಅವರದ್ದೂ ಹೊಟ್ಟೆಪಾಡು. ದರ ನಿಗದಿ ಮಾಡದೆ ಇಬ್ಬರನ್ನೂ ಜಗಳಕ್ಕೆ ಬಿಟ್ಟವರದ್ದು ತಪ್ಪು.

ಮೇಳ ನಡೆಸುವವರು ಮೂರು ಕೆಲಸ ಮಾಡಲಿ. ಸ್ಟಾಲ್ ಮಂಜೂರಾತಿ ಪತ್ರದಲ್ಲೇ ಕ್ರೇಟಿನ ಹಮಾಲಿ ದರ ಬರೆಯಲಿ. ಬೆಳಗ್ಗೆ ಜನ ಬರುವ ಮುಂಚೆ ವಾಹನಗಳನ್ನು ಸ್ಟಾಲಿನ ಆದಷ್ಟು ಹತ್ತಿರಕ್ಕೆ ಬಿಡಲಿ. ಅದಾಗದಿದ್ದರೆ ತಳ್ಳುಗಾಡಿಗಳನ್ನು ಪುಕ್ಕಟೆ ಕೊಡಲಿ.

ನಾವೂ ಸುಮ್ಮನೆ ಕೂರಬಾರದು. ನಾಲ್ಕೈದು ಜನ ಸೇರಿ ಒಂದೇ ಗಾಡಿ ಮಾಡಿ. ಮೊದಲ ದಿನವೇ ಎಲ್ಲ ಹಣ್ಣು ಹೇರಬೇಡಿ, ಮಾರಾಟ ನೋಡಿ ತರಿಸಿ. ತೋಪಿನಲ್ಲೇ ವಿಂಗಡಿಸಿ 3 ಕೆ.ಜಿ. ಬಾಕ್ಸಿಗೆ ತುಂಬಿದರೆ ಮೇಳದಲ್ಲಿ ಮತ್ತೆ ಸುರಿದು ತೂಗುವ ಕೆಲಸ ತಪ್ಪುತ್ತದೆ, ಹಣ್ಣಿಗೆ ಪೆಟ್ಟೂ ಕಡಿಮೆ.

ಇನ್ನೊಂದು ವಿಷಯ. ತಾಜಾ ಹಣ್ಣಿನಂಥ ಕೃಷಿ ಉತ್ಪನ್ನವನ್ನು ತುಂಬುವ, ಇಳಿಸುವ, ಸಾಗಿಸುವ ಕೂಲಿ-ಬಾಡಿಗೆಗೆ ಜಿಎಸ್‌ಟಿ ವಿನಾಯಿತಿ ಇದೆ. ಬಿಲ್ಲಿನಲ್ಲಿ ಸೇರಿಸಿದ್ದರೆ ಯಾಕೆಂದು ಕೇಳಿ. ಉಪ್ಪಿನಕಾಯಿ, ಪಲ್ಪ್ ಒಯ್ಯುವವರಿಗೆ ಈ ವಿನಾಯಿತಿ ಸಿಗುವುದಿಲ್ಲ.

ಮುಂದಿನ ಸಲ ಸ್ಟಾಲಿಗೆ ಅರ್ಜಿ ಹಾಕುವಾಗ ಒಂದು ಸಾಲು ಸೇರಿಸಿ: "ಹಮಾಲಿ ದರ ಎಷ್ಟು, ಲಿಖಿತವಾಗಿ ತಿಳಿಸಿ." ಒಬ್ಬರು ಕೇಳಿದರೆ ಪತ್ರ ಮೂಲೆಗೆ ಬೀಳಬಹುದು. ತಾಲ್ಲೂಕಿನವರೆಲ್ಲ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.