ಓಡಿದಷ್ಟು ಲೆಕ್ಕ ಹಾಕಿ, ಓಡಿದ ದಾರಿ ಕೇಳಬೇಡಿ

ಕಥೆ, ಕವಿತೆ, ವಿಮರ್ಶೆಗಳ ನಡುವೆ ಕಾರಿನ ವಿಮೆಗೆ ಏನು ಕೆಲಸ ಎಂದು ಕೆಲವರು ಹುಬ್ಬೇರಿಸಬಹುದು. ಒಬ್ಬ ಮನುಷ್ಯನ ದಿನಚರಿಯನ್ನು ಬರೆಯುವ ಹಕ್ಕು ಯಾರದು ಎಂಬ ಪ್ರಶ್ನೆ ಬರಹಗಾರರನ್ನೂ ಓದುಗರನ್ನೂ ಮೊದಲು ತಟ್ಟಬೇಕಾದದ್ದು. ಆ ದಿನಚರಿಯನ್ನು ಈಗ ವಿಮಾ ಕಂಪನಿ ಬರೆಯಲು ಹೊರಟಿದೆ. ಅದಕ್ಕೆ ನಮ್ಮಿಂದ ಒಪ್ಪಿಗೆಯ ಸಹಿಯನ್ನೂ ಕೇಳುತ್ತಿದೆ, ಸಹಿಗೆ ಪ್ರತಿಯಾಗಿ ಕಂತಿನಲ್ಲಿ ಒಂದಿಷ್ಟು ರಿಯಾಯಿತಿಯ ಆಸೆ ತೋರಿಸುತ್ತಿದೆ. ಈ ಕರಾರು ಅನ್ಯಾಯದ್ದೆಂದು ನಾವು ತಿಳಿಯುತ್ತೇವೆ.

ವಿಷಯದ ಮೂಲ ನಮ್ಮ ಹೈದರಾಬಾದಿನಲ್ಲೇ ಇದೆ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕೇಂದ್ರ ಕಚೇರಿ ಇರುವುದು ನಗರದ ಪಶ್ಚಿಮದ ತುದಿಯಲ್ಲಿ, ನಾನಕ್‌ರಾಮ್‌ಗುಡದಲ್ಲಿ. 2022ರ ಜುಲೈನಲ್ಲಿ ಈ ಪ್ರಾಧಿಕಾರ ವಾಹನದ ಸ್ವಂತ ಹಾನಿಯ ವಿಮೆಗೆ ಕೆಲವು ಹೊಸ ಸೇರ್ಪಡೆಗಳನ್ನು ಮಾರಲು ಕಂಪನಿಗಳಿಗೆ ಅನುಮತಿ ಕೊಟ್ಟಿತು. ಅವುಗಳಲ್ಲಿ ಒಂದು ‘ಪೇ ಆ್ಯಸ್ ಯು ಡ್ರೈವ್’, ಅಂದರೆ ಓಡಿಸಿದಷ್ಟಕ್ಕೆ ಹಣ. ಇನ್ನೊಂದು ‘ಪೇ ಹೌ ಯು ಡ್ರೈವ್’, ಅಂದರೆ ಓಡಿಸಿದ ರೀತಿಗೆ ತಕ್ಕ ಹಣ. ಹೆಸರು ಕೇಳಿದರೆ ಇವೆರಡೂ ಅವಳಿಗಳಂತೆ ಕಾಣುತ್ತವೆ. ಸ್ವಭಾವದಲ್ಲಿ ಅಜಗಜಾಂತರ. ಮೊದಲನೆಯದಕ್ಕೆ ಕಾರಿನ ಓಡೋಮೀಟರಿನ ಅಂಕಿ ಸಾಕು. ವರ್ಷದ ಆದಿಯಲ್ಲಿ ಒಮ್ಮೆ, ಅಂತ್ಯದಲ್ಲಿ ಒಮ್ಮೆ ನೋಡಿದರೆ ಲೆಕ್ಕ ಮುಗಿಯಿತು. ಎರಡನೆಯದಕ್ಕೆ ಮನುಷ್ಯನೇ ಬೇಕು. ಸ್ಟಿಯರಿಂಗಿನ ಕೆಳಗೆ ಸಿಕ್ಕಿಸುವ ಸಣ್ಣ ಉಪಕರಣವೋ ಮೊಬೈಲಿನ ಆ್ಯಪೋ ವೇಗ, ಬ್ರೇಕು, ತಿರುವು, ಹೊತ್ತುಗಳನ್ನು ದಾಖಲಿಸಿ ಕಳಿಸುತ್ತದೆ. ಜಿಪಿಎಸ್ ಇದ್ದರೆ ಹೋದ ಜಾಗವನ್ನೂ ಕಳಿಸುತ್ತದೆ. ಅದರಿಂದ ಚಾಲಕನಿಗೆ ಅಂಕ ಸಿಗುತ್ತದೆ.

ಆ ಅಂಕದ ನ್ಯಾಯವನ್ನು ನಮ್ಮ ರಸ್ತೆಯ ಮೇಲಿಟ್ಟು ನೋಡೋಣ. ತಾರ್ನಾಕದ ವೃತ್ತದಲ್ಲಿ ಆಟೋ ಒಂದು ಕೈಸನ್ನೆಯೂ ಇಲ್ಲದೆ ಅಡ್ಡ ನುಗ್ಗಿತೆನ್ನಿ. ಬ್ರೇಕು ಒತ್ತಿ ಜೀವ ಉಳಿಸಿದವರು ಯಂತ್ರದ ಕಣ್ಣಿಗೆ ಒರಟು ಚಾಲಕರು. ನುಗ್ಗಿದ ಆಟೋ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಹೊತ್ತಿನ ಲೆಕ್ಕವೂ ಹಾಗೆಯೇ. ರಾತ್ರಿ ಪಾಳಿ ಮುಗಿಸಿ ಮನೆಗೆ ಬರುವ ನರ್ಸು, ಊರಿನಲ್ಲಿ ತಂದೆಗೆ ಹುಷಾರಿಲ್ಲವೆಂಬ ಕರೆ ಬಂದು ನಡುರಾತ್ರಿ ರಾಯಚೂರಿಗೋ ಬೀದರಿಗೋ ಹೊರಟ ಮಗಳು, ಇವರೆಲ್ಲ ‘ಅಪಾಯದ ಹೊತ್ತಿನಲ್ಲಿ’ ಓಡಾಡುವವರಾಗುತ್ತಾರೆ. ಏಕೆ ಹೊರಟರೆಂದು ಯಂತ್ರ ಕೇಳುವುದಿಲ್ಲ. ದಾರಿಯ ದಾಖಲೆಯಂತೂ ಇನ್ನೂ ಆಳಕ್ಕೆ ಇಳಿಯುತ್ತದೆ. ವಾರಕ್ಕೆರಡು ಬಾರಿ ಯಾವ ಆಸ್ಪತ್ರೆಯ ಮುಂದೆ ಕಾರು ನಿಂತಿತು, ಯಾವ ವಕೀಲರ ಮನೆಗೆ, ಯಾವ ಪ್ರಾರ್ಥನಾಮಂದಿರಕ್ಕೆ, ಯಾವ ಪ್ರತಿಭಟನೆಗೆ ಹೋಯಿತು ಎಂಬುದು ಗೊತ್ತಾದ ಮೇಲೆ ಮನೆಯೊಳಗಿನ ಯಾವ ಗುಟ್ಟು ತಾನೇ ಉಳಿಯಿತು?

ರಸ್ತೆ ಸುರಕ್ಷತೆಯ ಮಾತನ್ನು ನಾವು ಹಗುರವಾಗಿ ಕಾಣುವುದಿಲ್ಲ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಸತ್ತವರಲ್ಲಿ ಹೆಚ್ಚಿನವರು ದ್ವಿಚಕ್ರ ಸವಾರರು ಮತ್ತು ಪಾದಚಾರಿಗಳು. ಇವರನ್ನು ಉಳಿಸಬೇಕಾದದ್ದು ಒಳ್ಳೆಯ ರಸ್ತೆ, ನಡೆಯಲು ಪಾದಪಥ, ಪಕ್ಷಪಾತವಿಲ್ಲದೆ ಜಾರಿಯಾಗುವ ಕಾನೂನು. ಇವಾವುವೂ ಕಾರಿನೊಳಗಿನ ಡಬ್ಬಿಯಿಂದ ಹುಟ್ಟುವುದಿಲ್ಲ. ‘ಎಚ್ಚರಿಕೆಯಿಂದ ಓಡಿಸುವವರು ಅಜಾಗರೂಕರ ಹೊರೆಯನ್ನು ಏಕೆ ಹೊರಬೇಕು?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹಳೆಯ ಪದ್ಧತಿಯಲ್ಲೇ ಇದೆ. ಒಂದು ವರ್ಷ ಕ್ಲೇಮು ಮಾಡದಿದ್ದರೆ ಸ್ವಂತ ಹಾನಿಯ ಕಂತಿನಲ್ಲಿ ಶೇ. 20, ಸತತ ಐದು ವರ್ಷ ಮಾಡದಿದ್ದರೆ ಶೇ. 50 ‘ನೋ ಕ್ಲೇಮ್ ಬೋನಸ್’ ಸಿಗುತ್ತದೆ. ಅದು ಫಲವನ್ನು ನೋಡಿ ಕೊಡುವ ಬಹುಮಾನ. ಅದಕ್ಕಾಗಿ ಯಾರೂ ನಮ್ಮ ಹಿಂದಿನ ಸೀಟಿನಲ್ಲಿ ಕೂತು ಪಯಣಿಸಬೇಕಾಗಿಲ್ಲ.

‘ಇದು ಐಚ್ಛಿಕ, ಬೇಡವಾದರೆ ಬಿಡಿ’ ಎಂಬುದು ಕಂಪನಿಗಳ ಕೊನೆಯ ಸಮಾಧಾನ. ಇಂದು ಅದು ನಿಜ. ಆದರೆ ಐಚ್ಛಿಕವಾದದ್ದು ಕಡ್ಡಾಯವಾಗುವ ಬಗೆಯನ್ನು ನಾವು ಒಮ್ಮೆ ಕಂಡಿದ್ದೇವೆ. ಆಧಾರ್ ಕೂಡ ಐಚ್ಛಿಕವೆಂದೇ ಬಂದಿತ್ತು. 2017ರ ನವೆಂಬರಿನಲ್ಲಿ ಇದೇ ಪ್ರಾಧಿಕಾರ ವಿಮಾ ಪಾಲಿಸಿಗಳಿಗೆ ಆಧಾರ್ ಜೋಡಣೆ ಕಡ್ಡಾಯವೆಂದು ಸಾರಿತು. ಆಧಾರನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರು ನಮ್ಮವರೇ ಆದ ಕೆ. ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಗ ಅವರಿಗೆ ವಯಸ್ಸು 86. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದ್ದು ಅವರ ಹೆಸರಿನ ಪ್ರಕರಣದಲ್ಲೇ. ಆ ಹಿರಿಯರು 2024ರಲ್ಲಿ ತೀರಿಕೊಂಡರು. ಅವರು ಗಳಿಸಿಕೊಟ್ಟದ್ದನ್ನು ನಾಲ್ಕು ಕಾಸಿನ ರಿಯಾಯಿತಿಗೆ ಮಾರಿಕೊಳ್ಳುವುದು ಕನ್ನಡಿಗರಿಗೆ ಶೋಭಿಸದು. ಅದೂ ಅಲ್ಲದೆ, ಹತ್ತು ಜನ ರಿಯಾಯಿತಿ ಪಡೆದ ಮೇಲೆ ಹನ್ನೊಂದನೆಯವರ ಕಂತು ತಾನಾಗಿಯೇ ದಂಡದಂತಾಗುತ್ತದೆ. ನಿರಾಕರಿಸಿದವರು ಏನನ್ನೋ ಮುಚ್ಚಿಡುತ್ತಿದ್ದಾರೆಂಬ ಅನುಮಾನ ಬಡ್ಡಿಯಾಗಿ ಸೇರುತ್ತದೆ.

ಈ ದಾರಿಯಲ್ಲಿ ನಮಗಿಂತ ಮುಂದೆ ಹೋದ ಅಮೆರಿಕದಲ್ಲಿ ಏನಾಯಿತು? 2024ರ ಮಾರ್ಚಿನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಬಯಲಿಗೆಳೆದಂತೆ, ಜನರಲ್ ಮೋಟಾರ್ಸ್ ಕಂಪನಿಯ ಕಾರುಗಳಿಂದ ಚಾಲನೆಯ ಮಾಹಿತಿ ಲೆಕ್ಸಿಸ್‌ನೆಕ್ಸಿಸ್‌ನಂಥ ದಲ್ಲಾಳಿ ಸಂಸ್ಥೆಗಳಿಗೆ, ಅಲ್ಲಿಂದ ವಿಮಾ ಕಂಪನಿಗಳಿಗೆ ಹರಿದಿತ್ತು. ಕಂತು ಏಕಾಏಕಿ ಏರಿದ್ದೇಕೆಂದು ತಿಳಿಯಲು ಹೊರಟ ಒಬ್ಬ ಮಾಲೀಕರ ಕೈಗೆ ಬಂದದ್ದು 258 ಪುಟಗಳ ವರದಿ. ಅದರಲ್ಲಿ 130ಕ್ಕೂ ಹೆಚ್ಚು ಪುಟಗಳ ತುಂಬ ಆರು ತಿಂಗಳ ಓಡಾಟದ ವಿವರ. ತಮ್ಮ ಆತ್ಮಕಥೆಯ ಒಂದು ಸಂಪುಟ ತಮಗೇ ತಿಳಿಯದಂತೆ ಅಚ್ಚಾಗಿರುವುದನ್ನು ಅವರು ಕಂಡರು. 2025ರ ಜನವರಿಯಲ್ಲಿ ಅಲ್ಲಿನ ವ್ಯಾಪಾರ ಆಯೋಗ ಕಂಪನಿಯ ಮೇಲೆ ಕ್ರಮಕ್ಕೆ ಮುಂದಾಯಿತು.

ನಮ್ಮಲ್ಲಿ ಹೀಗಾಗದೆಂದು ನಂಬಲು ಕಾರಣವಿಲ್ಲ. ವಾಹನ ನೋಂದಣಿಯ ‘ವಾಹನ್’ ಮತ್ತು ಚಾಲನಾ ಪರವಾನಗಿಯ ‘ಸಾರಥಿ’ ಮಾಹಿತಿಕೋಶಗಳನ್ನು 87 ಖಾಸಗಿ ಸಂಸ್ಥೆಗಳಿಗೆ ತೆರೆದಿಟ್ಟಿರುವುದಾಗಿ, ಇದರಿಂದ 65 ಕೋಟಿ ರೂಪಾಯಿ ಬಂದಿರುವುದಾಗಿ 2019ರಲ್ಲಿ ಕೇಂದ್ರ ಸರ್ಕಾರವೇ ರಾಜ್ಯಸಭೆಗೆ ತಿಳಿಸಿತ್ತು. ಸಗಟು ಮಾರಾಟದ ಆ ನೀತಿಯನ್ನು ದುರ್ಬಳಕೆಯ ಆತಂಕದಿಂದ 2020ರಲ್ಲಿ ಕೈಬಿಡಬೇಕಾಯಿತು. 2024ರಲ್ಲಿ ಸ್ಟಾರ್ ಹೆಲ್ತ್ ವಿಮಾ ಕಂಪನಿಯ ಗ್ರಾಹಕರ ವೈದ್ಯಕೀಯ ದಾಖಲೆಗಳು ಟೆಲಿಗ್ರಾಮಿನಲ್ಲಿ ಕೇಳಿದವರಿಗೆ ಸಿಗುವಂತಾದವು. ಕೂಡಿಟ್ಟದ್ದು ಒಂದು ದಿನ ಮಾರಾಟವಾಗುತ್ತದೆ, ಇಲ್ಲವೇ ಕಳುವಾಗುತ್ತದೆ. ಕೂಡಿಡದಿರುವುದೊಂದೇ ಭದ್ರವಾದ ಬೀಗ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ನಮಗೊಂದು ಆಸರೆ. ಒಪ್ಪಿಗೆ ಮುಕ್ತವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಆ ಕೆಲಸಕ್ಕೆ ಬೇಕಾದಷ್ಟು ಮಾಹಿತಿಗೆ ಮಾತ್ರ ಸೀಮಿತವಾಗಿರಬೇಕು ಎನ್ನುತ್ತದೆ ಅದು. ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಳಿಗೆ ಕಂಪನಿಗಳಿಗೆ 18 ತಿಂಗಳ ಕಾಲಾವಕಾಶ ಸಿಕ್ಕಿದೆ. ಹೊರನಾಡ ಕನ್ನಡಿಗರು ಗಮನಿಸಬೇಕಾದ ಮಾತೊಂದು ಇದರಲ್ಲಿದೆ: ಒಪ್ಪಿಗೆ ಕೇಳುವ ಸೂಚನಾಪತ್ರವನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಾಗಲಿ ಓದುವ ಅವಕಾಶ ಕೊಡಬೇಕು. ತಾರ್ನಾಕದಲ್ಲಿ ಕೂತು ಅದನ್ನು ಕನ್ನಡದಲ್ಲಿ ಕೇಳುವುದು ನಮ್ಮ ಹಕ್ಕಾಗಲಿದೆ. ಓದಲಾಗದ ಪತ್ರಕ್ಕೆ ಹಾಕಿದ ಸಹಿಯನ್ನು ಒಪ್ಪಿಗೆ ಎನ್ನುವುದು ಹೇಗೆ?

ಪ್ರಾಧಿಕಾರದ ಮುಂದೆ ನಾವು ಇಡುವ ಬೇಡಿಕೆಗಳು ಸರಳವಾದವು. ದೂರಕ್ಕೆ ತಕ್ಕ ವಿಮೆಯನ್ನು ಓಡೋಮೀಟರಿನ ಅಂಕಿಯಿಂದಲೇ ಕೊಡಲಿ. ಹೋದ ಜಾಗದ ದಾಖಲೆಯನ್ನು ವಿಮೆಯ ಲೆಕ್ಕದಿಂದ ಸಂಪೂರ್ಣವಾಗಿ ಹೊರಗಿಡಲಿ. ಚಾಲನೆಯ ರೀತಿಯ ಅಂಕ ಬೇಕೆನ್ನುವವರಿಗೆ ಆ ದಾಖಲೆಯ ಪ್ರತಿಯನ್ನೂ ಅಳಿಸುವ ಅಧಿಕಾರವನ್ನೂ ಕೊಡಲಿ. ಅದು ಮೂರನೆಯವರ ಕೈಸೇರದೆಂದು, ಕ್ಲೇಮು ತಿರಸ್ಕರಿಸಲು ಸಾಕ್ಷಿಯಾಗದೆಂದು ಪಾಲಿಸಿಯಲ್ಲೇ ಬರೆಯಲಿ. ನಿರಾಕರಿಸಿದವರ ಕಂತು ಆ ಕಾರಣಕ್ಕೆ ಒಂದು ರೂಪಾಯಿಯೂ ಏರದಿರಲಿ.

ಅಲ್ಲಿಯವರೆಗೆ ನವೀಕರಣದ ಸಮಯದಲ್ಲಿ ಏಜೆಂಟರು ಮುಂದಿಡುವ ಪತ್ರವನ್ನು ನಿಧಾನವಾಗಿ ಓದೋಣ, ಆ ಒಂದು ಚೌಕಕ್ಕೆ ಗುರುತು ಹಾಕದೆ ಹಿಂತಿರುಗಿಸೋಣ.