ಲಾವೋಸಿನ ಅನ್ನದ ಬುಟ್ಟಿ

ನಮ್ಮಕ್ಕನ ಮಗ ಕಂಪನಿಯ ಕೆಲಸದ ಮೇಲೆ ಮೂರು ವಾರ ಲಾವೋಸಿಗೆ ಹೋಗಿಬಂದ. ಅಕ್ಕ ಅವಲಕ್ಕಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು ಎಲ್ಲವನ್ನೂ ಪೆಟ್ಟಿಗೆಗೆ ತುಂಬಿದ್ದಲ್ಲದೆ, "ಅಲ್ಲಿ ಏನು ತಿಂತಾರೋ ಏನೋ, ಸ್ವಲ್ಪ ವಿಚಾರಿಸೋ" ಎಂದು ಆ ಭಾರವನ್ನು ನನ್ನ ತಲೆಗೆ ಕಟ್ಟಿದಳು. ಕಡತ ತಿರುವುವ ಗುಮಾಸ್ತನಿಗೆ ಬೇರೇನು ಬಾರದಿದ್ದರೂ ವಿಚಾರಿಸುವುದು ಬರುತ್ತದೆ. ನಾನು ಓದಿ ತಿಳಿದದ್ದು, ಅವನು ಕಂಡು ಹೇಳಿದ್ದು, ಎರಡೂ ಕೂಡಿ ಈ ಸಲದ ಅಂಕಣವಾಗಿದೆ.

ಲಾವೋಸಿಗೆ ಸಮುದ್ರವಿಲ್ಲ, ಮೆಕಾಂಗ್ ನದಿಯೇ ಅದರ ಜೀವನಾಡಿ. ಊಟಕ್ಕೆ ಆಧಾರ ಅಂಟಕ್ಕಿ. ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಬಸಿದು, ಬುಡ ಚೂಪಾದ ಬಿದಿರಿನ ಬುಟ್ಟಿಗೆ ಹಾಕಿ, ನೀರು ಕುದಿಯುವ ಮಡಕೆಯ ಬಾಯಿಯ ಮೇಲಿಡುತ್ತಾರೆ. ನೀರು ಅಕ್ಕಿಗೆ ತಾಕಬಾರದು, ಹಬೆಯಲ್ಲೇ ಬೇಯಬೇಕು. ಬೆಂದ ಅನ್ನ ಮುಚ್ಚಳವಿರುವ ಸಣ್ಣ ಬುಟ್ಟಿಗೆ ಹೋಗುತ್ತದೆ. ಇದಕ್ಕೆ 'ತಿಪ್ ಖಾವ್' ಎನ್ನುತ್ತಾರೆ. ಚಮಚದ ಗೊಡವೆಯಿಲ್ಲ. ಬೆರಳಿನಿಂದ ಒಂದು ತುತ್ತು ಮುರಿದು, ಉಂಡೆ ಮಾಡಿ, ಚಟ್ನಿಗೆ ಅದ್ದಿ ತಿನ್ನುವುದು. ಮುದ್ದೆಯಂತೆ ನುಂಗಲು ಹೋಗಿ ನಮ್ಮ ಹುಡುಗ ಮೊದಲ ದಿನ ಕಣ್ಣಲ್ಲಿ ನೀರು ತಂದುಕೊಂಡನಂತೆ, ಇದನ್ನು ಅಗಿಯಬೇಕು. ಊಟವಾದ ಮೇಲೆ ಮುಚ್ಚಳ ಹಾಕದೆ ಏಳುವುದು ಅಶುಭವೆಂದು ಅಲ್ಲಿಯ ನಂಬಿಕೆ.

ಹಬ್ಬಕ್ಕೂ ಮದುವೆಗೂ ಮಾಡುವುದು 'ಲಾಪ್'. ಕೊಚ್ಚಿದ ಮಾಂಸಕ್ಕೋ ಮೀನಿಗೋ ನಿಂಬೆರಸ, ಪುದೀನ, ಹುರಿದು ಕುಟ್ಟಿದ ಅಂಟಕ್ಕಿಯ ಪುಡಿ ಕಲಸಿದ್ದು. ಅದೃಷ್ಟಕ್ಕೂ ಅವರಲ್ಲಿ ಅದೇ ಉಚ್ಚಾರದ ಮಾತುಂಟು. ಅದು ಪಾಲಿಯ 'ಲಾಭ'ದಿಂದ ಬಂದದ್ದು. ಮಾಂಸಾಹಾರಿ ಬಂಧುಗಳು ಅವಶ್ಯ ರುಚಿ ನೋಡಲಿ, ಆದರೆ ಬೇಯಿಸಿದ್ದನ್ನೇ ಕೇಳಿ ಪಡೆಯಲಿ. ಆ ಕಡೆಯ ನದಿಮೀನನ್ನು ಹಸಿಯಾಗಿ ತಿಂದರೆ ಯಕೃತ್ತಿನ ಪಿತ್ತನಾಳದಲ್ಲಿ ನೆಲೆಸುವ ಒಂದು ಹುಳು ದೇಹ ಸೇರುತ್ತದೆ; ಅದು ವರ್ಷಾನುಗಟ್ಟಲೆ ಉಳಿದು ಕೊನೆಗೆ ಕ್ಯಾನ್ಸರಿಗೂ ಕಾರಣವಾಗಬಲ್ಲದು. ನಿಂಬೆರಸಕ್ಕಾಗಲಿ ಮೆಣಸಿನಕಾಯಿಗಾಗಲಿ ಅದು ಸಾಯುವುದಿಲ್ಲ. ಇದರಲ್ಲಿ ದಾಕ್ಷಿಣ್ಯ ಬೇಡ.

ಸಸ್ಯಾಹಾರಿಗಳ ಕಷ್ಟವೇ ಬೇರೆ. ಉಪ್ಪು ಮತ್ತು ಅಕ್ಕಿತೌಡಿನೊಡನೆ ತಿಂಗಳುಗಟ್ಟಲೆ ಹುದುಗಿಸಿದ ಮೀನು, 'ಪಾ ದೇಕ್', ಅವರ ಅಡಿಗೆಯ ಜೀವಾಳ. ಪರಂಗಿಯ ಹಸಿಕಾಯಿಯನ್ನು ಒರಳಲ್ಲಿ ಜಜ್ಜಿ ಮಾಡುವ 'ತಾಮ್ ಮಾಕ್ ಹುಂಗ್' ನೋಡಲು ಬರಿಯ ಕೋಸಂಬರಿ, ಅದರಲ್ಲೂ ಅದಿರುತ್ತದೆ. 'ಬೋ ಸಾಯ್ ಪಾ ದೇಕ್', ಅಂದರೆ ಪಾ ದೇಕ್ ಹಾಕಬೇಡಿ, ಎಂಬಷ್ಟು ಮಾತನ್ನು ಹುಡುಗನಿಗೆ ಬಾಯಿಪಾಠ ಮಾಡಿಸಿ ಕಳಿಸಿದ್ದೆ.

ಅದು ಕೆಲಸಕ್ಕೆ ಬಂತು. ರಾಜಧಾನಿ ವಿಯೆಂಟಿಯಾನಿನಲ್ಲಿ ಜೊತೆಗಾರನೊಬ್ಬ ಮನೆಗೆ ಊಟಕ್ಕೆ ಕರೆದನಂತೆ. ಹಾಕಿಟ್ಟಿದ್ದರಲ್ಲಿ ಅನ್ನವೊಂದನ್ನು ಬಿಟ್ಟು ಯಾವುದೂ ಇವನಿಗೆ ಸಲ್ಲದು. ಇವನು ಸಂಕೋಚದಿಂದ ಆ ಮಾತು ಹೇಳಿದ ಕೂಡಲೆ ಮನೆಯ ಅಜ್ಜಿ ಎದ್ದು, ಬದನೆಕಾಯಿ, ಬೆಳ್ಳುಳ್ಳಿ, ಮೆಣಸಿನಕಾಯಿ ಕೆಂಡದಲ್ಲಿ ಸುಟ್ಟು, ಉಪ್ಪು ಮಾತ್ರ ಹಾಕಿ ಕುಟ್ಟಿ ತಂದಿಟ್ಟರು. ಅದಕ್ಕೆ 'ಜೆಯೋ' ಎಂದು ಹೆಸರು.

"ಒರಳು ತೊಳೆದಿದ್ದರೇನೋ?" ಅಕ್ಕನ ಮೊದಲ ಪ್ರಶ್ನೆ.

"ನನ್ನೆದುರಿಗೇ ತೊಳೆದರಮ್ಮ, ಎರಡು ಸಲ."

"ಆ ಒರಳಿನಲ್ಲಿ ದಿನಾ ಕುಟ್ಟೋದು ಅದನ್ನೇ ಅಲ್ಲವೇನೋ!"

ಹುಡುಗ ನನ್ನ ಮುಖ ನೋಡಿದ. ನಾನು ಕಾಫಿಯ ಲೋಟ ನೋಡಿದೆ. ಅಕ್ಕನ ಆಚಾರವನ್ನು ಹೀಗಳೆಯಲಾರೆ. ಆದರೆ ಎಪ್ಪತ್ತು ದಾಟಿದ ಮುದುಕಿ ಊಟದ ಮಧ್ಯೆ ಎದ್ದು, ಗುರುತಿಲ್ಲದ ಹುಡುಗನಿಗಾಗಿ ಒಲೆಯ ಮುಂದೆ ಕುಳಿತದ್ದೂ ಸಣ್ಣ ಆಚಾರವಲ್ಲ. ಅಕ್ಕ ಇನ್ನೂ ಒಪ್ಪಿಲ್ಲ.

ಹಳೆಯ ರಾಜನಗರಿ ಲುವಾಂಗ್ ಪ್ರಬಾಂಗಿನ ವಿಶೇಷ 'ಕೈಪೇನ್': ನದಿಯ ಪಾಚಿಯನ್ನು ತೆಳ್ಳಗೆ ಹರಡಿ, ಎಳ್ಳು ಉದುರಿಸಿ, ಬಿಸಿಲಿಗೆ ಒಣಗಿಸಿ ಕರಿದ ಹಪ್ಪಳ. ಜೊತೆಗೆ ಕೊಡುವ ಮೆಣಸಿನ ಚಟ್ನಿಯಲ್ಲಿ ಎಮ್ಮೆಯ ಚರ್ಮವಿರುತ್ತದೆ, ಎಚ್ಚರಿಕೆ! ಅಲ್ಲಿಯ ಅರಮನೆಯ ಬಾಣಸಿಗ ಫಿಯಾ ಸಿಂಗ್ ಬರೆದಿಟ್ಟ ಪಾಕವಿಧಾನಗಳು 1981ರಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚಾಗಿವೆ. ಫ್ರೆಂಚರು 1893ರಿಂದ 1953ರವರೆಗೆ ಆಳಿ ಬಿಟ್ಟುಹೋದ ಉದ್ದನೆಯ ಬ್ರೆಡ್ಡೂ ಬೀದಿಬೀದಿಯಲ್ಲಿ ಸಿಗುತ್ತದೆ. ಬೊಲವೆನ್ ಪ್ರಸ್ಥಭೂಮಿಯ ಕಾಫಿ ನಮ್ಮವರಿಗೆ ಹಿಡಿಸೀತು. ಅಂಟಕ್ಕಿಗೆ ತೆಂಗಿನಹಾಲು ಬೆರೆಸಿ ಬಿದಿರಿನ ಕೊಳವೆಯಲ್ಲಿ ಸುಡುವ 'ಖಾವ್ ಲಾಮ್' ಸಿಹಿ ತಿಂಡಿ, ಅದಕ್ಕೆ ಮೀನಿನ ಭಯವಿಲ್ಲ.

ಚಟ್ನಿಪುಡಿ ಅರ್ಧ ಉಳಿದು ವಾಪಸು ಬಂದಿತು. ಇನ್ನರ್ಧ ಆ ಅಜ್ಜಿಯ ಮನೆಯಲ್ಲಿದೆಯಂತೆ. ಅಕ್ಕನಿಗೆ ಇದನ್ನು ಇನ್ನೂ ಹೇಳಿಲ್ಲ. ಆ ದೇಶ ಕಂಡ ವಾಚಕರು ಯಾರಾದರೂ ಇದ್ದರೆ ತಮ್ಮ ಅನುಭವ ಬರೆದು ಕಳಿಸಬೇಕೆಂದು ವಿನಂತಿ.