ಪತ್ತನಾಜೆಗೆ ಮೊದಲು ಕಾಲುಸಂಕ ಗುರುತಿಸಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳ್ಳಿಗಳಲ್ಲಿ ಮನೆಗಳು ಸಾಲಾಗಿ ನಿಂತಿಲ್ಲ. ಅಡಿಕೆ ತೋಟದ ನಡುವೆ ಒಂದು, ಗುಡ್ಡೆಯ ಮಗ್ಗುಲಲ್ಲಿ ಇನ್ನೊಂದು. ವಿಳಾಸವೆಂದರೆ ಮನೆಯ ಹೆಸರು, ಗ್ರಾಮ, ಅಂಚೆ, ತಾಲೂಕು. ಊರಿನ ಅಂಚೆಯಣ್ಣನಿಗೆ ಇಷ್ಟು ಸಾಕು. ಆಟಿಯ ಜಡಿಮಳೆಯ ರಾತ್ರಿ ಹೊರಗಿನಿಂದ ಬರುವ ಆಂಬುಲೆನ್ಸ್ ಚಾಲಕನಿಗೆ ಏನೇನೂ ಸಾಲದು. ಆದ್ದರಿಂದ ಪ್ರತಿ ಗ್ರಾಮ ಪಂಚಾಯಿತಿಯೂ ಕೈಯಲ್ಲಿ ಹಿಡಿಯುವ ಒಂದು ಜಿಪಿಎಸ್ ಉಪಕರಣ ಇಟ್ಟುಕೊಂಡು, ಅದರಲ್ಲಿ ಊರಿನ ದಾರಿಗಳ ವೇಪಾಯಿಂಟ್‌ಗಳನ್ನು, ಅಂದರೆ ಗುರುತಿನ ಬಿಂದುಗಳನ್ನು, ಉಳಿಸಬೇಕು ಎಂಬುದು ನನ್ನ ವಾದ. ಮುಖ್ಯರಸ್ತೆ ಬಿಟ್ಟು ಒಳಗೆ ತಿರುಗುವ ಜಾಗ, ವಾಹನ ಹೋಗಬಹುದಾದ ಕೊನೆಯ ಅಂಗಳ, ತೋಡು ದಾಟುವ ಕಾಲುಸಂಕ, ನೆರೆ ಏರದ ಪದವು: ಮೊದಲು ಉಳಿಸಬೇಕಾದವು ಇವು. ಮಂಗಳೂರು, ಮಲ್ಪೆಯ ಬೋಟಿನವರಿಗೆ ಈ ವಿವೇಕ ಹೊಸದಲ್ಲ. ಮೀನು ಸಿಗುವ ಜಾಗದ ಜೊತೆಗೆ ಬಲೆ ಹರಿಯುವ ಕಲ್ಲಿನ ಜಾಗವನ್ನೂ ಅವರು ಜಿಪಿಎಸ್‌ನಲ್ಲಿ ಉಳಿಸಿಕೊಳ್ಳುತ್ತಾರೆ.

ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಇದೇಕೆ ಎಂದು ಕೇಳಬಹುದು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದು ಸಂಚಾರ ನಿಂತಿತು, ಬೆಳ್ತಂಗಡಿಯ ಘಟ್ಟದ ಬುಡದ ಊರುಗಳಿಗೆ ಪ್ರವಾಹ ನುಗ್ಗಿತು. ಅಂಥ ದಿನ ಮೊದಲು ಹೋಗುವುದು ಕರೆಂಟು, ಅದರ ಹಿಂದೆಯೇ ಟವರ್. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ನೇರವಾಗಿ ಸಂಕೇತ ಕಳಿಸುತ್ತವೆ. ಅದನ್ನು ಹಿಡಿಯಲು ಸಿಮ್ ಬೇಡ, ಇಂಟರ್ನೆಟ್ ಬೇಡ. ಮೊಬೈಲಿಗೂ ಈ ಶಕ್ತಿ ಇದೆ ನಿಜ. ಆದರೆ ನಕ್ಷೆ ಮೊದಲೇ ಇಳಿಸಿಕೊಂಡಿರಬೇಕು, ಬ್ಯಾಟರಿ ಉಳಿದಿರಬೇಕು, ಒದ್ದೆ ಕೈಗೆ ಪರದೆ ಓಗೊಡಬೇಕು. ನೀರು ತಡೆಯುವ, ಪೆನ್‌ಟಾರ್ಚಿನ ಬ್ಯಾಟರಿಯಲ್ಲೇ ನಡೆಯುವ ಉಪಕರಣಗಳಿರುವಾಗ ಮೊಬೈಲೊಂದನ್ನೇ ನಂಬಿ ಕೂರುವುದು ಜಾಣತನವಲ್ಲ. 2025ರಲ್ಲಿ ಅಂಚೆ ಇಲಾಖೆ ತಂದ ಡಿಜಿಪಿನ್ ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರಿನ ಚೌಕಗಳಾಗಿ ಹಂಚಿ ಹತ್ತು ಅಕ್ಷರಗಳ ಸಂಕೇತ ಕೊಟ್ಟಿದೆ. ಒಳ್ಳೆಯದೇ. ಆದರೆ ಮನೆ ಯಾವ ಚೌಕದಲ್ಲಿದೆ ಎಂದು ಹೇಳುವ ಆ ಸಂಕೇತ, ನಡುವಿನ ತೋಡಿಗೆ ಸಂಕ ಎಲ್ಲಿದೆ ಎಂದು ಹೇಳುವುದಿಲ್ಲ.

ನಿಖರತೆಯ ಆಕ್ಷೇಪ ಮೊಬೈಲಿನ ಪ್ರಶ್ನೆಗಿಂತ ಗಟ್ಟಿಯಾದದ್ದು. ದಟ್ಟ ಮರಗಳ ಕೆಳಗೆ, ಘಟ್ಟದ ಕಣಿವೆಯಲ್ಲಿ ಉಪಗ್ರಹದ ಸಂಕೇತ ತಪ್ಪುತ್ತದೆ. ಗುರುತು ಹತ್ತಾರು ಮೀಟರ್ ಆಚೆ ಬೀಳಬಹುದು. ಅವಸರದಲ್ಲಿ ಗುಂಡಿ ಒತ್ತದೆ ಕೆಲವು ನಿಮಿಷ ಒಂದೇ ಕಡೆ ನಿಂತು ಸರಾಸರಿ ತೆಗೆದರೆ, ಇನ್ನೊಂದು ದಿನ ಬಂದು ಮತ್ತೆ ಅಳೆದರೆ ಈ ದೋಷ ಬಹಳ ತಗ್ಗುತ್ತದೆ. ಇದಕ್ಕಿಂತ ನನ್ನನ್ನು ಹೆಚ್ಚು ಹೆದರಿಸುವುದು ಬರೆಯುವವರ, ಓದುವವರ ತಪ್ಪು. ಮೂಡುಬಿದಿರೆ ಇರುವುದು ಉತ್ತರಕ್ಕೆ ಸುಮಾರು 13.07 ಡಿಗ್ರಿಯಲ್ಲಿ. ಅದನ್ನೇ ಯಾರೋ 13 ಡಿಗ್ರಿ 7 ನಿಮಿಷ ಎಂದು ಓದಿದರೆ ಐದು ಕಿಲೋಮೀಟರ್ ಬಡಗಣಕ್ಕೆ ಹೋಗಿ ನಿಲ್ಲುತ್ತಾರೆ. ಜಿಲ್ಲೆಗೆಲ್ಲ ಒಂದೇ ಬರವಣಿಗೆಯ ಕ್ರಮ ಇರಬೇಕು, ‘ವೇಪಾಯಿಂಟ್ 047’ ಎಂಬಂಥ ಕುರುಡು ಹೆಸರಿನ ಬದಲು ಊರವರು ಕರೆಯುವ ಹೆಸರೇ ಇರಬೇಕು.

ಮನೆಗಳ ಗುರುತು ಕಳ್ಳರ ಕೈ ಸೇರೀತೆಂಬ ಅಂಜಿಕೆಯೂ ಸಹಜ. ಪಟ್ಟಿ ಪಂಚಾಯಿತಿ, ಅಗ್ನಿಶಾಮಕ ಠಾಣೆ, ಆಂಬುಲೆನ್ಸ್ ಇವಿಷ್ಟರಲ್ಲೇ ಉಳಿಯಲಿ. ಮನೆಗಿಂತ ದಾರಿಯನ್ನೇ ಗುರುತಿಸಿದರೆ ಆ ಅಪಾಯವೂ ಕಡಿಮೆ. ದುಡಿಯುವ ಕೈಗಳಿಗೆ ಕೊರತೆಯಿಲ್ಲ. ಆಶಾ ಕಾರ್ಯಕರ್ತೆ, ಲೈನ್‌ಮ್ಯಾನ್, ಅಂಚೆಯವರು ದಿನವೂ ಈ ದಾರಿಗಳಲ್ಲೇ ಓಡಾಡುವವರು; ಗೌರವಧನ ಕೊಟ್ಟು ಅವರನ್ನೇ ಕೇಳಬೇಕು. ಸಂಕಗಳು ಕೊಚ್ಚಿಹೋಗುತ್ತವೆ, ಹೊಸ ರಸ್ತೆಗಳಾಗುತ್ತವೆ, ಹಾಗಾಗಿ ಪಟ್ಟಿಯನ್ನು ಪ್ರತಿ ಬೇಸಗೆಯಲ್ಲೂ ತಿದ್ದಬೇಕು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆಯೇ ಅದಕ್ಕೆ ಗಡುವಾಗಲಿ. ಅದರ ಬೆನ್ನಿಗೇ ಮಳೆ.